ಕೋಳಿ ಸಾಕಿ ಏನ್ ಗಿಟ್ಟುತ್ತೆ ಸಾರ್?

ಕಂಡಕ್ಟರ್ ಕೆಲಸದಿಂದ ರಿಟೈರ್ ಆಗಿ ಆರು ವರ್ಷ ಆಯ್ತು. ಮದುವೆ ಮನೇಲಿ, ಕಟಿಂಗ್ ಶಾಪಲ್ಲಿ, ಡಾಕ್ಟರ್ ಹತ್ರ ಹೋದ್ರೂ ಇದೇ ಪ್ರಶ್ನೆ. 'ಅಲ್ಲಾ ಸಾರ್, ಮಕ್ಳು ಬೆಂಗಳೂರಲ್ಲಿ ಸೆಟಲ್ ಆಗವ್ರೆ, ಆರಾಮಾಗಿ ಇರೋದ್ ಬಿಟ್ಟು ಕೋಳಿ ಹಿಕ್ಕೆ ಬಳೀತಾ ಕೂತಿದೀರಲ್ಲ, ಏನ್ ಗಿಟ್ಟುತ್ತೆ ಅದ್ರಲ್ಲಿ?' ಪ್ರತಿ ಸಲ ನಕ್ಕು ಸುಮ್ನಾಗ್ತಿದ್ದೆ, ಇವತ್ತು ಕೂತು ಬರದೇ ಬಿಡ್ತೀನಿ.

ಮೊದ್ಲು ದುಡ್ಡಿಂದೇ ಹೇಳ್ತೀನಿ, ಯಾಕಂದ್ರೆ ಕೇಳೋರ ಮನಸಲ್ಲಿರೋದು ಅದೇ. ಮನೆ ಹಿತ್ಲಲ್ಲಿ ಆರು ನಾಟಿ ಹ್ಯಾಟೆ, ನಾಲ್ಕು ಗಿರಿರಾಜ ತಳಿ ಹ್ಯಾಟೆ, ಒಂದು ಹುಂಜ ಇದಾವೆ. ನಾಟಿ ಕೋಳಿ ಹನ್ನೆರಡು ಹದಿನೈದು ಮೊಟ್ಟೆ ಇಟ್ಟು ಕಾವು ಕೂತ್ಬಿಡುತ್ತೆ, 21 ದಿನ ಕಾವು, ಆಮೇಲೆ ಮರಿ ಕಟ್ಕೊಂಡು ಎರಡು ಮೂರು ತಿಂಗ್ಳು ತಿರುಗಾಟ, ಹಂಗಾಗಿ ವರ್ಷಕ್ಕೆ ಐವತ್ತು ಅರವತ್ತು ಇಟ್ರೆ ಹೆಚ್ಚು. ಗಿರಿರಾಜ ನೂರ ಮೂವತ್ತು ನಲವತ್ತು ಇಡುತ್ತೆ. ಎಲ್ಲಾ ಸೇರಿ ತಿಂಗ್ಳಿಗೆ ಎಪ್ಪತ್ತು ಚಿಲ್ಲರೆ ಮೊಟ್ಟೆ, ನಮ್ ಬೀದೀಲಿ ಒಂದಕ್ಕೆ 12 ರೂಪಾಯಿ ಕೊಡ್ತಾರೆ. ನುಚ್ಚಕ್ಕಿ, ರಾಗಿ, ಜೋಳದ ನುಚ್ಚಿಗೆ 700 ಹೋಗುತ್ತೆ. ಉಳಿಯೋದು 150–200. ಹೋದ ವರ್ಷ ಮುಂಗುಸಿ ಕಾಟಕ್ಕೆ ಗೂಡಿನ ಸುತ್ತ ಮೆಶ್ ಹಾಕ್ಸಿದ್ದು 4,800. ಈಗ ನೀವೇ ಲೆಕ್ಕ ಹಾಕಿ, ನಾನು ಹಾಕೋದ್ ಬಿಟ್ಟಿದೀನಿ.

ಇನ್ನು ಕೆಲ್ಸ. ಬೆಳಿಗ್ಗೆ ನಾಲ್ಕೂವರೆಗೆ ಹುಂಜ ಶುರು ಮಾಡುತ್ತೆ, ಆರಕ್ಕೆ ನಾನು ಗೂಡಿನ ಬಾಗ್ಲು ತೆಗೀಬೇಕು, ಹತ್ತು ನಿಮಿಷ ಲೇಟಾದ್ರೆ ಒಳಗಿಂದ ಬೈಗುಳ. ನೀರಿನ ಬಾನಿ ತಿಕ್ಕೋದು, ಕೆಳಗಿನ ಹಿಕ್ಕೆ ಕೆರೆದು ತೆಂಗಿನ ಗಿಡದ ಪಕ್ಕ ಗುಂಡೀಲಿ ಹಾಕೋದು, ಗೂಡಲ್ಲಿ ಹಾಸಿದ ಹೊಟ್ಟು ಬದಲಾಯ್ಸೋದು, ಬೇಸಿಗೇಲಿ ಕೋಳಿ ಹೇನು ಬಿದ್ರೆ ಒಲೆ ಬೂದಿ ಹರವಿ ಕೊಡೋದು, ಅವು ಅದ್ರಲ್ಲಿ ಬಿದ್ದು ಹೊರಳಾಡೋದ್ ನೋಡಿದ್ರೆ ನಮಗೇ ಮೈ ಹಗುರ ಆದಂಗಿರುತ್ತೆ. ಮಳೆಗಾಲದ ವಾಸ್ನೆ ಬಗ್ಗೆ ನಮ್ ಮನೆಯವ್ಳ ಹತ್ರ ಕೇಳಿ, ನಾನು ಹೇಳಲ್ಲ.

ನಿಜವಾದ ಕಷ್ಟ ಅಂದ್ರೆ ರೋಗ. ಮೊದಲನೇ ವರ್ಷ ಏನೂ ಗೊತ್ತಿರ್ಲಿಲ್ಲ, ಏಪ್ರಿಲ್‌ನಲ್ಲಿ ಒಂದು ಕೋಳಿ ತೂಕಡಿಸ್ತಾ ನಿಂತ್ಕೊಳ್ತು, ಹಸಿರು ಭೇದಿ, ಮಾರನೇ ದಿನ ಕತ್ತು ತಿರುಚ್ಕೊಂಡು ಬಿತ್ತು. ಕೊಕ್ಕರೆ ರೋಗ, ಅದೇ ರಾಣಿಖೇತ್ ಅಂತಾರಲ್ಲ ಅದು. ಪಕ್ಕದ್ಮನೆ ಅಜ್ಜಿ ಹೇಳಿದ್ರು ಅಂತ ಬೆಳ್ಳುಳ್ಳಿ ಅರಿಶಿನ ಎಲ್ಲಾ ಅರೆದು ಹಾಕ್ದೆ. ಒಂದೇ ವಾರದಲ್ಲಿ ಹದಿನಾಲ್ಕರಲ್ಲಿ ಒಂಬತ್ತು ಹೋದ್ವು. ಈ ರೋಗ ಬಂದ್ಮೇಲೆ ಔಷಧಿ ಇಲ್ಲ, ಬರೋಕ್ ಮುಂಚೆ ಲಸಿಕೆ ಅಷ್ಟೇ, ಇದನ್ನ ಒಂಬತ್ತು ಗುಂಡಿ ತೋಡಿದ್ಮೇಲೆ ಕಲ್ತೆ.

ಲಸಿಕೆದೂ ಒಂದು ತಮಾಷೆ ಇದೆ. ಮರಿ ಹುಟ್ಟಿದ ಐದರಿಂದ ಏಳನೇ ದಿನದೊಳಗೆ ಕಣ್ಣಿಗೊಂದು ಹನಿ ಲಸೋಟ ಅನ್ನೋ ಕೊಕ್ಕರೆ ರೋಗದ ಲಸಿಕೆ ಬಿಡ್ಬೇಕು, ಎಂಟನೇ ವಾರಕ್ಕೆ ರೆಕ್ಕೆ ಕೆಳಗೆ ಇಂಜೆಕ್ಷನ್. ಆದ್ರೆ ನಾನು ತರೋ ಬಾಟ್ಲಿ ನೂರು ಕೋಳಿಗಾಗೋದು, ನನ್ ಹತ್ರ ಇರೋದು ಎಂಟೋ ಹತ್ತೋ ಮರಿ, ಕಲೆಸಿದ್ಮೇಲೆ ಎರಡು ಗಂಟೆ ಒಳಗೆ ಮುಗಿಸ್ಬೇಕು. ಸುಮ್ನೆ ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಹಂಗಾಗಿ ಟೀ ಫ್ಲಾಸ್ಕಿಗೆ ಐಸ್ ತುಂಬ್ಕೊಂಡು ಬಾಟ್ಲಿ ಇಟ್ಕೊಂಡು ಮನೆ ಮನೆಗೂ ಹೋದೆ, 'ನಿಮ್ ಮರಿ ಎಷ್ಟಿದಾವಮ್ಮ?' ಈಗ ಇಡೀ ಬೀದಿನೇ ಒಟ್ಟಿಗೆ ಕಾವು ಕೂರಿಸುತ್ತೆ, ಒಂದೇ ಭಾನುವಾರ ಎಲ್ರ ಮರಿಗೂ ಹನಿ. ಆರು ವರ್ಷದ ಹಿಂದೆ ಇವರಲ್ಲಿ ಅರ್ಧ ಜನರ ಹೆಸರೇ ನಂಗೆ ಗೊತ್ತಿರ್ಲಿಲ್ಲ, ಮೂವತ್ತು ವರ್ಷ ಬೆಳಗಿನ ಜಾವ ಡ್ಯೂಟಿಗೆ ಹೋಗಿ ರಾತ್ರಿ ಬಂದು ಮಲಗಿದ್ದೋನು ನಾನು.

ಗಿಟ್ಟೋದು ಏನು ಅಂದ್ರೆ, ನೋಡೋಕೆ ಸಿಗುತ್ತೆ. ಗಿರಿರಾಜ ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ಮಾಡಿದ ತಳಿ, ಮೈ ಚೆನ್ನಾಗಿ ಬರುತ್ತೆ, ಆದ್ರೆ ಕಾವು ಕೂರೋ ಬುದ್ಧಿ ಇಲ್ಲ. ಅದರ ಮೊಟ್ಟೆನ ರಾತ್ರಿ ನಿಧಾನಕ್ಕೆ ನಾಟಿ ಕೋಳಿ ಕೆಳಗೆ ಸೇರಿಸ್ತೀನಿ, ಅದು ತನ್ನದೇ ಅಂತ ತಿಳ್ಕೊಂಡು ಕೂರುತ್ತೆ. ಏಳನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದ್ರೆ ಒಳಗೆ ಜೇಡರ ಬಲೆ ಥರ ಕೆಂಪು ನರ ಕಾಣುತ್ತೆ, ಇಲ್ದಿದ್ರೆ ಬರೀ ತಿಳಿ. ಮೊಮ್ಮಗ ಅದನ್ನ ನೋಡಿ ಮಾರನೇ ದಿನದಿಂದ ಆಮ್ಲೆಟ್ ಬೇಡ ಅಂದ, ಮಗಳಿಗೆ ನನ್ ಮೇಲೆ ಇನ್ನೂ ಸಿಟ್ಟು. (ಹುಂಜ ಇಲ್ದಿದ್ರೂ ಕೋಳಿ ಮೊಟ್ಟೆ ಇಡುತ್ತೆ, ಮರಿ ಆಗಲ್ಲ ಅಷ್ಟೇ. ಇದೂ ಎಲ್ರೂ ಕೇಳೋ ಪ್ರಶ್ನೆನೇ.)

ತಿಂತೀರಾ ಅಂತಾನೂ ಕೇಳ್ತಾರೆ. ತಿಂತೀವಿ. ಹೊಸ್ತೊಡಕಿಗೆ ಹೆಚ್ಚಾದ ಹುಂಜ ಕುಯ್ಯಲೇಬೇಕು, ಇಲ್ದಿದ್ರೆ ಅವೇ ಹೊಡೆದಾಡ್ಕೊಂಡು ಸಾಯ್ತವೆ. ಕೋಳಿ ಕೇಳಿ ಮಸಾಲೆ ಅರೀತಾರಾ ಅಂತ ನಮ್ಮವ್ಳು ಅಂತಾಳೆ, ಆದ್ರೆ ಅವತ್ತು ನಾನು ಪೇಟೆ ಕಡೆ ಹೋಗಿ ಊಟದ ಹೊತ್ತಿಗೆ ವಾಪಸ್ ಬರ್ತೀನಿ.

ಸಂಜೆ ಆರೂವರೆಗೆ ಬಾಗ್ಲಲ್ಲಿ ನಿಂತು ತಲೆ ಎಣಿಸೋದು ನಂಗೆ ತುಂಬಾ ಇಷ್ಟ. ಒಂದೊಂದೇ ಹತ್ತುತ್ತವೆ, ಯಾವಾಗ್ಲೂ ಅದದೇ ಸೀಟು, ಬೇರೆದು ಕೂತ್ರೆ ಜಗಳ. ಹಳೇ ಅಭ್ಯಾಸಕ್ಕೆ ಬಾಗ್ಲು ಹಾಕಿ 'ರೈಟ್' ಅಂತೀನಿ, ಯಾರೂ ಇಲ್ದಿದ್ರೆ ಮಾತ್ರ.

ಮೊನ್ನೆ ಎಣಿಸಿದ್ರೆ ಹತ್ತೇ ಇದ್ವು. ಮುಂಗುಸಿ ಅನ್ಕೊಂಡು ರಾತ್ರಿ ಎಲ್ಲಾ ನಿದ್ದೆ ಇಲ್ಲ. ಬೆಳಿಗ್ಗೆ ನಮ್ಮವ್ಳು ಸೌದೆ ಎಳೆಯೋಕೆ ಹೋದ್ರೆ ಕಂತೆ ಹಿಂದೆ ಕರಿ ಹ್ಯಾಟೆ ಪುಕ್ಕ ಕೆದರ್ಕೊಂಡು ಕೂತಿದೆ, ಕೆಳಗೆ ಹನ್ನೊಂದು ಮೊಟ್ಟೆ, ಯಾವಾಗ ಕದ್ದು ಇಟ್ಟಿತ್ತೋ. 21 ದಿನ ಎಣಿಸಿದ್ರೆ ಸರಿಯಾಗಿ ಬಾಮೈದನ ಮಗಳ ಮದುವೆ ದಿನ ಬರುತ್ತೆ. ದಾವಣಗೆರೇಲಿ ಮದುವೆ, ಎರಡು ದಿನ ಆಗುತ್ತೆ. ನಾನು ಹೋಗೋದು ಡೌಟು, ಇನ್ನೂ ಮನೇಲಿ ಹೇಳಿಲ್ಲ.