ಮಾಳಿಗೆಯ ರಂಗಮಂದಿರಗಳನ್ನು ಹುಡುಕಿಕೊಂಡು: ಕೊಲೊರಾಡೊದಿಂದ ನೆಬ್ರಾಸ್ಕಾಗೆ

ಅಮೆರಿಕದ ಬಯಲುಸೀಮೆಯ ಸಣ್ಣ ಊರುಗಳ ಮುಖ್ಯ ಬೀದಿಯಲ್ಲಿ ನಡೆಯುವಾಗ ಇಟ್ಟಿಗೆ ಕಟ್ಟಡಗಳ ನೆತ್ತಿಯ ಕಡೆಗೆ ಕಣ್ಣು ಹಾಯಿಸಿದರೆ, ಎಷ್ಟೋ ಕಡೆ ಕಲ್ಲಿನಲ್ಲೋ ತಗಡಿನಲ್ಲೋ ಮೂಡಿಸಿದ ‘ಒಪೇರಾ ಹೌಸ್’ ಎಂಬ ಅಕ್ಷರಗಳು ಕಾಣಸಿಗುತ್ತವೆ. ಹೆಚ್ಚಿನವು 1880ರಿಂದ 1910ರ ನಡುವೆ ಕಟ್ಟಿದವು. ಕೆಳಗೆ ಅಂಗಡಿ, ಮೇಲೆ ರಂಗಮಂದಿರ. ಅಂಗಡಿಯ ಬಾಡಿಗೆಯಿಂದ ಮಾಳಿಗೆಯ ಖರ್ಚು ತೂಗಬೇಕು ಎಂಬುದು ಆ ಕಾಲದ ಲೆಕ್ಕಾಚಾರ. ಒಪೇರಾ ಎಂದರೆ ಹಾಡಿನಲ್ಲಿ ನಡೆಯುವ ಪಾಶ್ಚಾತ್ಯ ನಾಟಕ. ಹೆಸರಿಗೆ ಒಪೇರಾ ಹೌಸ್ ಆದರೂ ಅಲ್ಲಿ ನಡೆಯುತ್ತಿದ್ದುದು ಬಹುಪಾಲು ರೈಲಿನಲ್ಲಿ ಊರೂರು ಸುತ್ತುತ್ತಿದ್ದ ಕಂಪನಿಗಳ ನಾಟಕ, ಶಾಲೆಯ ಸಮಾರಂಭ, ನೃತ್ಯಕೂಟ, ಉಪನ್ಯಾಸ ಮತ್ತು ಚುನಾವಣೆಯ ಸಭೆ. ಸಿನಿಮಾ, ಮೋಟಾರು ಕಾರು, ರೇಡಿಯೊ ಬಂದ ಮೇಲೆ ಒಂದೊಂದಾಗಿ ಬಾಗಿಲು ಮುಚ್ಚಿದ ಈ ಮಂದಿರಗಳಲ್ಲಿ ಕೆಲವನ್ನು ಜನ ಹಟ ಹಿಡಿದು ದುರಸ್ತಿ ಮಾಡಿ ಮತ್ತೆ ತೆರೆದಿದ್ದಾರೆ. ಅಂಥ ಎರಡು ಮಂದಿರಗಳನ್ನು, ಅಂದರೆ ಕೊಲೊರಾಡೊದ ಸೆಂಟ್ರಲ್ ಸಿಟಿಯದನ್ನೂ ನೆಬ್ರಾಸ್ಕಾದ ರೆಡ್ ಕ್ಲೌಡ್‌ನದನ್ನೂ ನೋಡಬೇಕೆಂಬ ಉದ್ದೇಶದಿಂದಲೇ ನಾನು ಜುಲೈ ತಿಂಗಳಿನಲ್ಲಿ ಡೆನ್ವರ್‌ನಿಂದ ಹೊರಟೆ. ದುರಸ್ತಿಯಾದ ಗೋಡೆಗಳಿಗಿಂತ ಹೆಚ್ಚಾಗಿ, ದುರಸ್ತಿಯ ಅನಂತರ ಆ ಬಾಗಿಲಿನಿಂದ ಒಳಗೆ ಬರುವವರು ಯಾರು ಎಂಬುದನ್ನು ತಿಳಿಯುವ ಕುತೂಹಲ ನನ್ನದಾಗಿತ್ತು.

ಸೆಂಟ್ರಲ್ ಸಿಟಿ ಡೆನ್ವರ್‌ನ ಪಶ್ಚಿಮಕ್ಕೆ ಸುಮಾರು 55 ಕಿಲೋಮೀಟರ್ ದೂರದಲ್ಲಿ, ಸಮುದ್ರ ಮಟ್ಟದಿಂದ 8,500 ಅಡಿ ಎತ್ತರದಲ್ಲಿದೆ. ಕ್ಲಿಯರ್ ಕ್ರೀಕ್ ತೊರೆಯ ಕಮರಿಯನ್ನು ಹಿಡಿದು ಏರುವ ರಸ್ತೆಯಲ್ಲಿ ಬಂಡೆಗಳು ಎರಡೂ ಕಡೆಯಿಂದ ಒತ್ತಿಕೊಂಡು ನಿಂತಿರುತ್ತವೆ. 1859ರಲ್ಲಿ ಜಾನ್ ಗ್ರೆಗರಿ ಎಂಬಾತನಿಗೆ ಇಲ್ಲಿನ ಕಣಿವೆಯಲ್ಲಿ ಚಿನ್ನ ಸಿಕ್ಕಿದ್ದೇ ಊರು ಹುಟ್ಟಲು ಕಾರಣ. 1874ರ ಬೆಂಕಿಯಲ್ಲಿ ಊರಿನ ಬಹುಭಾಗ ಸುಟ್ಟುಹೋದುದರಿಂದ ಅನಂತರದ ಕಟ್ಟಡಗಳಿಗೆ ಕಲ್ಲು ಮತ್ತು ಇಟ್ಟಿಗೆ ಬಂದವು. ಕಾರ್ನ್‌ವಾಲ್ ಮತ್ತು ವೇಲ್ಸ್ ಪ್ರಾಂತಗಳಿಂದ ವಲಸೆ ಬಂದಿದ್ದ ಗಣಿ ಕಾರ್ಮಿಕರಿಗೆ ಹಾಡುಗಾರಿಕೆ ಮೈಗೂಡಿದ ವಿದ್ಯೆ. ಊರಿನವರು ಚಂದಾ ಎತ್ತಿ, ರಾಬರ್ಟ್ ರೋಶ್ಲಾಬ್ ಎಂಬ ವಾಸ್ತುಶಿಲ್ಪಿಯಿಂದ ನಕ್ಷೆ ಬರೆಸಿ ಕಟ್ಟಿಸಿದ ಒಪೇರಾ ಹೌಸ್ 1878ರ ಮಾರ್ಚ್ 4ರಂದು ತೆರೆಯಿತು. ಮೂರೇ ವರ್ಷಗಳಲ್ಲಿ ಡೆನ್ವರ್‌ನಲ್ಲಿ ಇನ್ನೂ ದೊಡ್ಡದಾದ ಟೇಬರ್ ಗ್ರಾಂಡ್ ಒಪೇರಾ ಹೌಸ್ ತಲೆಯೆತ್ತಿತು. ಗಣಿಯ ಚಿನ್ನವೂ ತೀರುತ್ತ ಬಂತು. ಸಿನಿಮಾ ಮಂದಿರವಾಗಿ ಕೆಲವು ವರ್ಷ ಉಸಿರಾಡಿದ ಕಟ್ಟಡ 1927ರಲ್ಲಿ ಮುಚ್ಚಿತು.

ಯುರೇಕಾ ಬೀದಿಯ ಇಳಿಜಾರಿನಲ್ಲಿ ನಿಂತಿರುವ ಈ ಕಟ್ಟಡದ ಮುಂಭಾಗ ಹೊರಗಿನಿಂದ ಬಹಳ ಸರಳ. ಒಳಗೆ ಕಾಲಿಟ್ಟು ತಲೆಯೆತ್ತಿದಾಗ ಮಾತ್ರ ನಿಂತ ನೆಲವೇ ಮರೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಚಿತ್ರಕಾರ ಜಾನ್ ಮಾಸ್‌ಮನ್ ಚಪ್ಪಟೆ ಛಾವಣಿಯ ಮೇಲೆ ಆಕಾಶಕ್ಕೆ ತೆರೆದ ಗುಮ್ಮಟವೊಂದಿದೆ ಎಂದು ಕಣ್ಣು ನಂಬುವಂತೆ ನೆರಳು ಬೆಳಕುಗಳನ್ನು ಬರೆದಿದ್ದಾನೆ. ಬಾಲ್ಕನಿಯಿಂದ ಸಮೀಪದಲ್ಲಿ ನೋಡಿದರೂ ಆ ಗುಮ್ಮಟದ ಅಂಚು ಉಬ್ಬಿಕೊಂಡೇ ಇದೆಯೆಂದು ಅನ್ನಿಸುತ್ತದೆ. ಆಸನಗಳು ಐನೂರೈವತ್ತರಷ್ಟು, ಕೊನೆಯ ಸಾಲಿನಲ್ಲಿ ಕುಳಿತವರಿಗೂ ವೇದಿಕೆಯ ಮೇಲಿನವರ ಹುಬ್ಬಿನ ಚಲನೆ ಕಾಣುವಷ್ಟು ಹತ್ತಿರ.

ಈ ಮಂದಿರ ಉಳಿದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1931ರಲ್ಲಿ ಮ್ಯಾಕ್‌ಫರ್ಲೇನ್ ಕುಟುಂಬ ಕಟ್ಟಡವನ್ನು ಡೆನ್ವರ್ ವಿಶ್ವವಿದ್ಯಾಲಯಕ್ಕೆ ದಾನವಾಗಿ ಕೊಟ್ಟಿತು. ಆಗ ಅಮೆರಿಕ ಮಹಾ ಆರ್ಥಿಕ ಕುಸಿತದ ಆಳದಲ್ಲಿತ್ತು; ರಂಗಮಂದಿರಕ್ಕೆ ಹಣ ಕೇಳುವ ಕಾಲವೇ ಅಲ್ಲ. ಆದರೂ ಐಡಾ ಕ್ರೂಸ್ ಮ್ಯಾಕ್‌ಫರ್ಲೇನ್, ಆ್ಯನ್ ಇವಾನ್ಸ್ ಮತ್ತು ಎಡ್ನಾ ಚಾಪೆಲ್ ಎಂಬ ಮೂವರು ಮಹಿಳೆಯರು ಮುಂದೆ ನಿಂತು ಕೆಲಸ ನಡೆಸಿದರು. ವಾಸ್ತುಶಿಲ್ಪಿ ಬರ್ನ್‌ಹ್ಯಾಮ್ ಹಾಯ್ಟ್ ಮತ್ತು ಚಿತ್ರಕಾರ ಆ್ಯಲನ್ ಟ್ರೂ ಅವರ ನೆರವು ಪಡೆದು ಮಂದಿರವನ್ನೂ ಅದರ ಭಿತ್ತಿಚಿತ್ರಗಳನ್ನೂ ಮತ್ತೆ ಬೆಳಕಿಗೆ ತಂದರು. ಹಣಕ್ಕಾಗಿ ಅವರು ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚಿಗೆಯಾಯಿತು: ನೂರು ಡಾಲರ್ ಕೊಟ್ಟವರು ಆ ಪ್ರದೇಶದ ಹಳೆಯ ತಲೆಮಾರಿನ ಒಬ್ಬರ ಹೆಸರನ್ನು ಹಿಕರಿ ಮರದ ಕುರ್ಚಿಯೊಂದರ ಬೆನ್ನಿಗೆ ಕೆತ್ತಿಸಬಹುದಾಗಿತ್ತು. ಹೀಗೆ ಕುರ್ಚಿಗಳ ಸಾಲೇ ಊರಿನ ವಂಶಾವಳಿಯಾಯಿತು. 1932ರ ಜುಲೈ ತಿಂಗಳಿನಲ್ಲಿ ನಟಿ ಲಿಲಿಯನ್ ಗಿಶ್ ಅವರ ಅಭಿನಯದೊಂದಿಗೆ ಮಂದಿರ ಮತ್ತೆ ತೆರೆಯಿತು. ಎರಡನೆಯ ಮಹಾಯುದ್ಧದ ವರ್ಷಗಳಂಥ ಬಿಡುವುಗಳನ್ನು ಬಿಟ್ಟರೆ ಬೇಸಿಗೆಯ ಒಪೇರಾ ಉತ್ಸವ ಇಂದಿಗೂ ನಡೆದುಬಂದಿದೆ. ಹಳೆಯ ಗಟ್ಟಿ ಕುರ್ಚಿಗಳ ಜಾಗಕ್ಕೆ 1999ರಲ್ಲಿ ಮೆತ್ತನೆಯ ಆಸನಗಳು ಬಂದವು.

ಊರಿನ ಬೀದಿಯುದ್ದಕ್ಕೂ ಈಗ ಕ್ಯಾಸಿನೊಗಳಿವೆ. 1990ರಲ್ಲಿ ಕೊಲೊರಾಡೊದ ಮತದಾರರು ಈ ಊರೂ ಸೇರಿದಂತೆ ಮೂರು ಹಳೆಯ ಗಣಿ ಪಟ್ಟಣಗಳಲ್ಲಿ ಮಿತ ಪಣದ ಜೂಜಿಗೆ ಒಪ್ಪಿಗೆ ಕೊಟ್ಟರು. ಅದರ ತೆರಿಗೆಯ ಒಂದು ಪಾಲು ರಾಜ್ಯದ ಐತಿಹಾಸಿಕ ನಿಧಿಗೆ ಸಲ್ಲಬೇಕೆಂಬುದು ಷರತ್ತು. ಆ ನಿಧಿಯಿಂದ ರಾಜ್ಯದುದ್ದಕ್ಕೂ ಹಳೆಯ ಕಟ್ಟಡಗಳ ದುರಸ್ತಿಗೆ ಅನುದಾನ ದೊರೆಯುತ್ತದೆ. ಮುಂಭಾಗವನ್ನಷ್ಟೇ ಉಳಿಸಿಕೊಂಡು ಹಿಂದೆಲ್ಲ ಜೂಜಿನ ಯಂತ್ರಗಳಾಗಿರುವ ಕಟ್ಟಡಗಳನ್ನು ಕಂಡು ನನಗೆ ಬೇಸರವಾದದ್ದು ನಿಜ. ಅದೇ ಹಣದಿಂದ ದೂರದ ಊರುಗಳ ಛಾವಣಿಗಳು ಸೋರದೆ ನಿಂತಿವೆ ಎಂಬುದೂ ಅಷ್ಟೇ ನಿಜ. ಒಪೇರಾ ನೋಡಲು ಬಂದವರಲ್ಲಿ ಹೆಚ್ಚಿನವರು ಡೆನ್ವರ್ ಕಡೆಯವರು. ಸಾವಿರಕ್ಕೂ ಕಡಿಮೆ ಜನ ವಾಸಿಸುವ ಊರು ಇಂಥ ಸಭಾಂಗಣವನ್ನು ತಾನೊಂದೇ ತುಂಬಿಸಲಾರದು. ಸಂಗೀತ ಅತ್ಯುತ್ತಮವಾಗಿತ್ತು, ಆದರೆ ನನ್ನ ಕುತೂಹಲಕ್ಕೆ ಬೇಕಾಗಿದ್ದ ಉತ್ತರ ಬೇರೊಂದು ಬಗೆಯ ಊರಿನಲ್ಲಿರಬೇಕೆಂದು ಅಲ್ಲಿಯೇ ಅನ್ನಿಸಿತು.

ಡೆನ್ವರ್‌ನಿಂದ ಪೂರ್ವಕ್ಕೆ ಹೊರಟರೆ ಬೆಟ್ಟಗಳು ಹಿಂದೆ ಸರಿದು, ಗೋಧಿ ಮತ್ತು ಜೋಳದ ಹೊಲಗಳು ದಿಗಂತದವರೆಗೆ ಹಬ್ಬುತ್ತವೆ. ದಾರಿಯಲ್ಲಿ ಸಿಕ್ಕ ಒಂದು ಸಣ್ಣ ಊರಿನಲ್ಲಿ ಇಂಥದೇ ಮಾಳಿಗೆಯ ರಂಗಮಂದಿರದ ದುರಸ್ತಿ ನಡೆದಿತ್ತು. ಕೆಲಸದ ಹೊಣೆ ಹೊತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ನನ್ನನ್ನು ಒಳಗೆ ಕರೆದೊಯ್ದು ಎಲ್ಲವನ್ನೂ ತೋರಿಸಿದರು. ಮುಗಿದ ಕಟ್ಟಡಗಳಲ್ಲಿ ಕಾಣದ ಸಂಗತಿಗಳು ಅರ್ಧಕ್ಕೆ ನಿಂತ ಕೆಲಸದಲ್ಲಿ ಕಾಣುತ್ತವೆ. ಮೊದಲು ಛಾವಣಿ, ಆಮೇಲೆ ಮಳೆನೀರಿನ ದಾರಿ, ಅನಂತರ ಗೋಡೆ. ಬಣ್ಣ ಮತ್ತು ಚಿನ್ನದ ಲೇಪ ಕಟ್ಟಕಡೆಗೆ. ಈ ಕ್ರಮ ತಪ್ಪಿದರೆ ಹಾಕಿದ ಹಣ ಮೊದಲ ಮಳೆಗೇ ಹೋಗುತ್ತದೆ ಎಂದರು. ಹೊರಗೋಡೆಯ ಇಟ್ಟಿಗೆಯ ಸಂದುಗಳಿಗೆ ಹಿಂದೆ ಯಾರೋ ಸಿಮೆಂಟ್ ತುಂಬಿದ್ದರು. ಹಳೆಯ ಇಟ್ಟಿಗೆ ಮೆದು, ಸಿಮೆಂಟ್ ಗಟ್ಟಿ. ಗೋಡೆಯ ತೇವ ಸಂದಿನಿಂದ ಹೊರಹೋಗಲಾರದೆ ಇಟ್ಟಿಗೆಯ ಒಳಗೇ ಉಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನೇ ಸಿಡಿಸಿ ಉದುರಿಸಿತ್ತು. ಮೇಸ್ತ್ರಿ ಆ ಸಿಮೆಂಟನ್ನು ಉಳಿಯಿಂದ ಬಿಡಿಸಿ, ಮೊದಲಿನಂತೆ ಸುಣ್ಣದ ಗಾರೆಯನ್ನು ತುಂಬುತ್ತಿದ್ದರು. ಒಂದು ಮಾರು ಗೋಡೆಗೆ ಇಡೀ ಬೆಳಗ್ಗೆ ಹಿಡಿಯಿತು.

ಒಳಗೆ ನೆಲದ ಮೇಲೆ ಹಾಸಿದ ಬಿಳಿಯ ಬಟ್ಟೆಯ ಮೇಲೆ ಅಂಕದ ಪರದೆಯನ್ನು ಬಿಚ್ಚಿಟ್ಟಿದ್ದರು. ನಡುವೆ ಸರೋವರ, ದೋಣಿ, ಕೋಟೆಯ ಚಿತ್ರ. ಸುತ್ತಲೂ ಆ ಕಾಲದ ವ್ಯಾಪಾರಿಗಳ ಜಾಹೀರಾತು. ಔಷಧದ ಅಂಗಡಿ, ಬ್ಯಾಂಕು, ಕುದುರೆ ಲಾಯ, ಪೀಠೋಪಕರಣ ಮತ್ತು ಶವಪೆಟ್ಟಿಗೆ ಎರಡನ್ನೂ ಮಾರುವ ಅಂಗಡಿ, ಎರಡೇ ಅಂಕಿಯ ದೂರವಾಣಿ ಸಂಖ್ಯೆ. ಅಂಟಿನಲ್ಲಿ ಕಲಸಿದ ಪುಡಿಬಣ್ಣದಿಂದ ಬರೆದ ಚಿತ್ರವಾದುದರಿಂದ ಒಂದು ಹನಿ ನೀರು ಬಿದ್ದರೂ ಕಲೆ ನಿಲ್ಲುತ್ತದೆ. ಆದ್ದರಿಂದ ಸ್ವಯಂಸೇವಕರು ಮೊಣಕಾಲೂರಿ ಕುಳಿತು ಒಣ ರಬ್ಬರ್ ಸ್ಪಂಜಿನಿಂದ ಮಸಿಯನ್ನು ಅಂಗುಲ ಅಂಗುಲವಾಗಿ ತೆಗೆಯುತ್ತಿದ್ದರು. ಹರಿದ ಕಡೆ ಹಿಂಬದಿಯಿಂದ ತೆಳುವಾದ ಹತ್ತಿಬಟ್ಟೆಯ ತೇಪೆ ಹಾಕಿದ್ದರು. ಒಬ್ಬ ತರುಣಿ ಸ್ಪಂಜನ್ನು ಎತ್ತಿ ಹಿಡಿದು, ಈ ಔಷಧದ ಅಂಗಡಿ ತನ್ನ ಮುತ್ತಜ್ಜನದು ಎಂದು ತೋರಿಸಿದಳು.

ಶಿಕ್ಷಕಿ ಹೇಳಿದ ಇನ್ನೊಂದು ಮಾತು ಪ್ರವಾಸದುದ್ದಕ್ಕೂ ನನ್ನ ಜೊತೆಗಿತ್ತು. ತಮ್ಮ ಮಂದಿರವನ್ನು ಕೊಂದದ್ದು ಸಿನಿಮಾ ಮಾತ್ರವಲ್ಲ, ಮೆಟ್ಟಿಲು ಕೂಡ ಎಂಬುದು ಅವರ ಮಾತು. 1903ರ ಡಿಸೆಂಬರ್ 30ರಂದು ಶಿಕಾಗೋದ ಇರೊಕ್ವಾಯ್ ಥಿಯೇಟರ್‌ನಲ್ಲಿ ಬೆಂಕಿ ಬಿದ್ದು 602 ಜನ ಸತ್ತರು. ಬಾಗಿಲುಗಳಿಗೆ ಬೀಗ, ಪರದೆಗಳಿಂದ ಮರೆಯಾದ ನಿರ್ಗಮನ ದಾರಿ, ಒಳಮುಖವಾಗಿ ತೆರೆಯುವ ಕದಗಳು ಸಾವನ್ನು ಹೆಚ್ಚಿಸಿದ್ದವು. ಆ ದುರಂತದ ಅನಂತರ ದೇಶದುದ್ದಕ್ಕೂ ಸಭಾಂಗಣಗಳ ಅಗ್ನಿ ನಿಯಮಗಳು ಬಿಗಿಯಾದವು, ಅದು ಆಗಲೇಬೇಕಾಗಿತ್ತು. ಒಂದೇ ಕಿರಿದಾದ ಮೆಟ್ಟಿಲಿದ್ದ ಮಾಳಿಗೆಯ ಮಂದಿರಗಳಿಗೆ ಆ ನಿಯಮಗಳನ್ನು ಪಾಲಿಸುವಷ್ಟು ಹಣವಾಗಲೀ ಜಾಗವಾಗಲೀ ಇರಲಿಲ್ಲ. ಈಗ ಅವನ್ನು ತೆರೆಯಬೇಕಾದರೆ ಎರಡನೆಯ ಮೆಟ್ಟಿಲು, ಬೆಂಕಿ ನಂದಿಸುವ ನೀರಿನ ಕೊಳವೆಗಳು, 1990ರ ಅಂಗವಿಕಲರ ಹಕ್ಕುಗಳ ಕಾನೂನಿನ ಪ್ರಕಾರ ಮಾಳಿಗೆಗೆ ಹೋಗಲು ಲಿಫ್ಟ್, ಗಾಲಿಕುರ್ಚಿ ಹಿಡಿಸುವ ಶೌಚಾಲಯ ಎಲ್ಲವೂ ಬೇಕು. ಬಜೆಟ್ಟಿನ ದೊಡ್ಡ ಪಾಲು ಕಣ್ಣಿಗೆ ಬೀಳದ ಈ ಕೆಲಸಗಳಿಗೇ ಹೋಗುತ್ತದೆ. ಐತಿಹಾಸಿಕ ಕಟ್ಟಡಗಳ ದುರಸ್ತಿಗೆ ಕೇಂದ್ರ ಸರ್ಕಾರ ಕೊಡುವ ಶೇಕಡಾ 20ರ ತೆರಿಗೆ ರಿಯಾಯಿತಿ ಇದೆ. ಆದರೆ ತೆರಿಗೆಯನ್ನೇ ಕಟ್ಟದ ಸೇವಾ ಸಂಸ್ಥೆಗಳಿಗೆ ಅದು ನೇರವಾಗಿ ದಕ್ಕುವುದಿಲ್ಲ, ತೆರಿಗೆ ಕಟ್ಟುವ ಪಾಲುದಾರರನ್ನು ಹುಡುಕಬೇಕಾಗುತ್ತದೆ. ಲಿಫ್ಟಿಗಾಗಿ ಅವರ ಊರಿನವರು ಇನ್ನೂ ಹಣ ಕೂಡಿಸುತ್ತಿದ್ದಾರೆ.

ನೆಬ್ರಾಸ್ಕಾದ ಹೇಸ್ಟಿಂಗ್ಸ್‌ನಿಂದ ದಕ್ಷಿಣಕ್ಕೆ 65 ಕಿಲೋಮೀಟರ್ ಹೋದರೆ, ಕಾನ್ಸಾಸ್ ಗಡಿಯ ಹತ್ತಿರ, ರಿಪಬ್ಲಿಕನ್ ನದಿಯ ಪಕ್ಕದಲ್ಲಿ ರೆಡ್ ಕ್ಲೌಡ್ ಸಿಗುತ್ತದೆ. ಜನಸಂಖ್ಯೆ ಸಾವಿರದ ಆಸುಪಾಸು. ಇಟ್ಟಿಗೆ ಹಾಸಿದ ವೆಬ್‌ಸ್ಟರ್ ಬೀದಿಯಲ್ಲಿ 1885ರ ಒಪೇರಾ ಹೌಸ್ ಇದೆ. ಕಾದಂಬರಿಕಾರ್ತಿ ವಿಲ್ಲಾ ಕ್ಯಾಥರ್ ಬೆಳೆದ ಊರು ಇದು. 1888ರಲ್ಲಿ ಹದಿನಾಲ್ಕು ವರ್ಷದ ಹುಡುಗಿಯಾಗಿದ್ದಾಗ ಆಕೆ ಮೀಸೆ ಹಚ್ಚಿಕೊಂಡು ಇದೇ ರಂಗದ ಮೇಲೆ ವ್ಯಾಪಾರಿ ತಂದೆಯ ಪಾತ್ರ ಮಾಡಿದ್ದರು. 1890ರಲ್ಲಿ ಪ್ರೌಢಶಾಲೆ ಮುಗಿಸಿದ ಮೂವರಲ್ಲಿ ಒಬ್ಬರಾಗಿ, ಮೂಢನಂಬಿಕೆಗೆ ಎದುರಾಗಿ ವೈಜ್ಞಾನಿಕ ಶೋಧನೆಯ ಪರ ವಾದಿಸಿದ ಭಾಷಣವನ್ನು ಇಲ್ಲಿಯೇ ಮಾಡಿದರು. 1929ರಲ್ಲಿ ಒಮಾಹಾದ ಪತ್ರಿಕೆಗೆ ಬರೆದ ಪತ್ರದಲ್ಲಿ, ಚಳಿಗಾಲದಲ್ಲಿ ನಾಟಕ ಕಂಪನಿಗಳು ಬಂದು ಒಂದು ವಾರ ಮೊಕ್ಕಾಂ ಹೂಡುತ್ತಿದ್ದುದನ್ನೂ, ಮಕ್ಕಳು ಗೋಡೆಗೆ ಅಂಟಿಸಿದ ಪೋಸ್ಟರುಗಳ ಒಂದೊಂದು ಅಕ್ಷರವನ್ನೂ ಓದುತ್ತ ನಿಲ್ಲುತ್ತಿದ್ದುದನ್ನೂ, ರೈಲಿನಿಂದ ನಟರು ಇಳಿಯುವುದನ್ನು ನೋಡಲು ನಿಲ್ದಾಣಕ್ಕೆ ಹೋಗುತ್ತಿದ್ದುದನ್ನೂ ನೆನೆದು, ಮುಚ್ಚಿಹೋದ ಒಪೇರಾ ಹೌಸ್‌ಗಳಿಗಾಗಿ ಮರುಗಿದರು. ಆಕೆಯ ಹೆಸರಿನ ಪ್ರತಿಷ್ಠಾನ ಕಟ್ಟಡವನ್ನು ದುರಸ್ತಿ ಮಾಡಿಸಿ 2003ರಲ್ಲಿ ಮತ್ತೆ ತೆರೆಯಿತು. 2017ರಲ್ಲಿ ಪಕ್ಕದ ಮೂನ್ ಬ್ಲಾಕ್ ಕಟ್ಟಡವನ್ನೂ ಸೇರಿಸಿ ರಾಷ್ಟ್ರೀಯ ವಿಲ್ಲಾ ಕ್ಯಾಥರ್ ಕೇಂದ್ರವಾಯಿತು.

ನಾನು ಹೋದ ಮಧ್ಯಾಹ್ನ ಮೇಲಿನ ಸಭಾಂಗಣದಲ್ಲಿ ರಜೆಯ ಮಕ್ಕಳ ನಾಟಕದ ತಾಲೀಮು ನಡೆದಿತ್ತು. ಸೆಂಟ್ರಲ್ ಸಿಟಿಯ ಚಿತ್ರಿತ ಗುಮ್ಮಟ ಇಲ್ಲಿಲ್ಲ. ರಂಗ ಚಿಕ್ಕದು, ಸಭಾಂಗಣವೂ ಚಿಕ್ಕದು. ಇಲ್ಲಿನ ಸೊಗಸು ಅಳತೆಯದು. ಸಣ್ಣ ಮಗುವಿನ ಧ್ವನಿ ಮೈಕಿಲ್ಲದೆ ಹಿಂದಿನ ಸಾಲಿಗೆ ಮುಟ್ಟುತ್ತದೆ. ಮಾತು ಮರೆತ ಹುಡುಗನೊಬ್ಬನಿಗೆ ಪಕ್ಕದ ಹುಡುಗಿ ಪಿಸುಗುಟ್ಟಿದ್ದು ನನಗೂ ಸ್ಪಷ್ಟವಾಗಿ ಕೇಳಿತು. ಮೊಮ್ಮಕ್ಕಳನ್ನು ಕರೆತಂದಿದ್ದ ವೃದ್ಧರೊಬ್ಬರು ಗಾಲಿಕುರ್ಚಿಯಲ್ಲೇ ಮೇಲೆ ಬಂದು ಬಾಗಿಲ ಬಳಿ ಕುಳಿತಿದ್ದರು. ಹಿಂದಿನ ಊರಿನ ಶಿಕ್ಷಕಿ ಲಿಫ್ಟಿಗಾಗಿ ಅಷ್ಟು ಪರದಾಡುತ್ತಿದ್ದುದರ ಅರ್ಥ ನನಗೆ ಪೂರ್ತಿಯಾಗಿ ಆದದ್ದು ಅವರನ್ನು ನೋಡಿದಾಗ.

ದುರಸ್ತಿಗೆ ದಾನ ಕೊಡುವವರು ಸಿಗುತ್ತಾರೆ. ದುರಸ್ತಿಯಾದ ಕಟ್ಟಡದ ಹೀಟರ್ ಬಿಲ್ಲಿಗೆ, ವಿಮೆಗೆ, ಸಿಬ್ಬಂದಿಯ ಸಂಬಳಕ್ಕೆ ಕೊಡುವವರು ವಿರಳ ಎಂದು ಅಲ್ಲಿನ ಕಾರ್ಯಕರ್ತರೊಬ್ಬರು ಹೇಳಿದರು. ಇಂಥ ಕಡೆ ಟಿಕೆಟ್ ಹಣ ಖರ್ಚಿನ ಒಂದು ಭಾಗವನ್ನಷ್ಟೇ ತುಂಬುತ್ತದೆ. ಉಳಿದದ್ದು ಸದಸ್ಯತ್ವ, ಅನುದಾನ, ಪುಸ್ತಕದಂಗಡಿಯ ವ್ಯಾಪಾರಗಳಿಂದ ಕೂಡಿಬರಬೇಕು. ಅಂಗಡಿಯ ವರಮಾನದಿಂದ ರಂಗಮಂದಿರ ನಡೆಯಬೇಕೆಂಬ 1885ರ ಲೆಕ್ಕ ಬೇರೊಂದು ರೂಪದಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಸಂಗೀತ ಕಚೇರಿ, ನಾಟಕ, ಸಭೆ, ಮಕ್ಕಳ ಶಿಬಿರ ಎಲ್ಲಕ್ಕೂ ಒಂದೇ ಮಂದಿರ ಎಡೆಗೊಟ್ಟಾಗ ಮಾತ್ರ ಇಷ್ಟು ಸಣ್ಣ ಊರಿನಲ್ಲಿ ಅದು ನಡೆಯುತ್ತದೆ ಎಂದು ನನಗನ್ನಿಸುತ್ತದೆ. ವರ್ಷದ ಕೆಲವೇ ವಾರಗಳಿಗೆ ಮೀಸಲಾದ ಭವ್ಯತೆಗಿಂತ ನನ್ನ ಮನಸ್ಸು ಒಲಿದದ್ದು ಈ ದಿನಬಳಕೆಗೆ.

ಹೋಗಬಯಸುವವರು ಸೆಂಟ್ರಲ್ ಸಿಟಿಯನ್ನು ಬೇಸಿಗೆಯ ಉತ್ಸವದ ಕಾಲಕ್ಕೆ ಹೊಂದಿಸಿಕೊಳ್ಳಬೇಕು. ಎತ್ತರದ ಊರಾದುದರಿಂದ ಮೊದಲ ದಿನ ನಿಧಾನವಾಗಿ ನಡೆಯುವುದು ಒಳ್ಳೆಯದು. ರೆಡ್ ಕ್ಲೌಡ್‌ಗೆ ಸ್ವಂತ ವಾಹನ ಬೇಕು. ಹಗಲು ಕಟ್ಟಡ ನೋಡಿ ಹೊರಟುಬಿಡದೆ, ಕಾರ್ಯಕ್ರಮದ ಪಟ್ಟಿಯನ್ನು ಮೊದಲೇ ನೋಡಿಕೊಂಡು, ಸ್ಥಳೀಯರು ನಡೆಸುವ ಯಾವುದಾದರೂ ಒಂದು ಕಾರ್ಯಕ್ರಮಕ್ಕೆ ಟಿಕೆಟ್ ಕೊಂಡು ಹೋಗಿರೆಂದು ನನ್ನ ಕೋರಿಕೆ.