ಲಾಟರಿ ಹೊಡೆದ ಮೇಲೆ ಹೆಸರು ಹೊರಬೀಳದಂತೆ ನೋಡಿಕೊಳ್ಳುವುದು

ಲಾಟರಿ ಟಿಕೆಟ್ಟಿನ ಹಿಂಬದಿಯಲ್ಲಿ ಸಹಿಗೆಂದು ಒಂದು ಗೆರೆ ಇರುತ್ತದೆ. ಗೆದ್ದವರ ಹೆಸರು ಗುಟ್ಟಾಗಿ ಉಳಿಯುತ್ತದೋ ಇಲ್ಲವೋ ಎನ್ನುವುದು ಎಷ್ಟೋ ಸಲ ಆ ಗೆರೆಯ ಮೇಲೇ ತೀರ್ಮಾನವಾಗಿಬಿಡುತ್ತದೆ. ಸಹಿ ಇಲ್ಲದ ಟಿಕೆಟ್ ಕಳೆದುಹೋದರೆ, ಅದು ನಿಮ್ಮದೇ ಎಂದು ಸಾಧಿಸುವುದು ಬಹಳ ಕಷ್ಟ. ಹಾಗೆಂದು ಅವಸರದಲ್ಲಿ ಸ್ವಂತ ಹೆಸರು ಬರೆದರೂ ತೊಡಕೇ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 2018ರ ಜನವರಿಯಲ್ಲಿ ಪವರ್‌ಬಾಲ್ ಎಂಬ ಲಾಟರಿಯಲ್ಲಿ ಸುಮಾರು 56 ಕೋಟಿ ಡಾಲರ್ ಗೆದ್ದ ಮಹಿಳೆಗೆ ಆದದ್ದು ಇದು. ಟ್ರಸ್ಟ್, ಅಂದರೆ ಒಬ್ಬರ ಪರವಾಗಿ ಹಣ, ಆಸ್ತಿ ಇಟ್ಟುಕೊಳ್ಳುವ ಕಾನೂನು ವ್ಯವಸ್ಥೆ, ಅದರ ಹೆಸರಿನಲ್ಲಿ ಹಣ ಪಡೆದು ಮರೆಯಲ್ಲಿ ಉಳಿಯಲು ಅಲ್ಲಿ ಅವಕಾಶವಿತ್ತು. ಅದು ತಿಳಿಯುವ ಮೊದಲೇ ಅವರು ತಮ್ಮ ಹೆಸರು ಬರೆದು ಸಹಿ ಹಾಕಿಬಿಟ್ಟಿದ್ದರು. ಬರೆದದ್ದನ್ನು ತಿದ್ದಿದರೆ ಟಿಕೆಟ್ಟೇ ಅಸಿಂಧುವಾಗುವ ಭಯ. ಕೊನೆಗೆ ಕೋರ್ಟ್ ಮೆಟ್ಟಿಲೇರಿದರು. ಊರಿನ ಹೆಸರು ಹೇಳಬಹುದು, ಅವರ ಹೆಸರು ಬೇಡ ಎಂಬ ಆದೇಶ ಬಂತು.

ಹಾಗಾಗಿ ಪೆನ್ನು ಹಿಡಿಯುವ ಮೊದಲು ಟಿಕೆಟ್ ಕೊಂಡ ಜಾಗದ ನಿಯಮ ಓದಿ. ಬ್ರಿಟನ್ನಿನಲ್ಲಿ ಪ್ರಚಾರ ಬೇಡ ಎಂದರೆ ಸಾಕು, ಹೆಸರು ಹೊರಬರುವುದಿಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು: ಡೆಲವೇರ್, ಕಾನ್ಸಸ್‌ನಲ್ಲಿ ಹೆಸರು ಮುಚ್ಚಿಡಬಹುದು, ಟೆಕ್ಸಸ್‌ನಲ್ಲಿ 10 ಲಕ್ಷ ಡಾಲರ್ ಅಥವಾ ಅದಕ್ಕಿಂತ ದೊಡ್ಡ ಬಹುಮಾನಕ್ಕೆ ಮಾತ್ರ, ಕ್ಯಾಲಿಫೋರ್ನಿಯಾದಲ್ಲಿ ಗೆದ್ದವರ ಹೆಸರು ಸಾರ್ವಜನಿಕ ದಾಖಲೆ. ಜಮೈಕಾದಲ್ಲಿ ಗೆದ್ದವರು ಮುಖವಾಡ ಹಾಕಿಕೊಂಡೇ ಚೆಕ್ ಪಡೆದದ್ದುಂಟು. ನಿಯಮದ ಪ್ರಕಾರ ಹೆಸರು ಹೇಗೂ ಹೊರಬರುತ್ತದೆ ಎಂದಾದರೆ ಸಹಿ ತಡಮಾಡುವುದರಲ್ಲಿ ಅರ್ಥವಿಲ್ಲ, ಕೂಡಲೇ ಹಾಕಿ. ಟ್ರಸ್ಟ್‌ಗೆ ಅವಕಾಶವಿದ್ದರೆ ಮಾತ್ರ ವಕೀಲರು ಹೇಳುವವರೆಗೆ ಗೆರೆ ಖಾಲಿ ಇರಲಿ, ಟಿಕೆಟ್ ಬ್ಯಾಂಕ್ ಲಾಕರಿನಲ್ಲಿರಲಿ.

ಟಿಕೆಟ್ಟನ್ನು ಇಡುವ ರೀತಿಗೂ ಗಮನ ಬೇಕು. ಹೆಚ್ಚಿನವು ಥರ್ಮಲ್ ಕಾಗದದ ಮೇಲೆ ಮುದ್ರಿತ. ಅಂದರೆ ಅಲ್ಲಿ ಶಾಯಿ ಇಲ್ಲ, ಶಾಖಕ್ಕೆ ಕಾಗದವೇ ಕಪ್ಪಾಗಿ ಅಕ್ಷರ ಮೂಡಿರುತ್ತದೆ. ಲ್ಯಾಮಿನೇಟ್ ಮಾಡಿಸಿದರೆ ಆ ಬಿಸಿಗೆ ಇಡೀ ಟಿಕೆಟ್ ಕಪ್ಪಾಗಿ ಅಂಕಿಗಳೇ ಕಾಣದಂತಾಗುತ್ತವೆ. ಅಂಟುಪಟ್ಟಿ, ಮೆತ್ತನೆಯ ಪ್ಲಾಸ್ಟಿಕ್ ಕವರು, ಬಿಸಿಲು ಇವೂ ಅಕ್ಷರ ಮಾಸುವಂತೆ ಮಾಡುತ್ತವೆ. ಸಾದಾ ಕಾಗದದ ಲಕೋಟೆಯೇ ಒಳ್ಳೆಯದು. ಎರಡೂ ಬದಿಯ ನಕಲು ತೆಗೆದು ಬೇರೆ ಕಡೆ ಇಡಿ. ಆದರೆ ಆ ಫೋಟೊ ಯಾರಿಗೂ ಕಳಿಸಬೇಡಿ: 2015ರಲ್ಲಿ ಆಸ್ಟ್ರೇಲಿಯಾದಲ್ಲಿ ಮೆಲ್ಬರ್ನ್ ಕಪ್ ಕುದುರೆ ರೇಸಿನಲ್ಲಿ ಗೆದ್ದ ಟಿಕೆಟ್ ಹಿಡಿದ ಸೆಲ್ಫಿಯನ್ನು ಒಬ್ಬರು ಫೇಸ್‌ಬುಕ್ಕಿಗೆ ಹಾಕಿದ್ದರು. ಆ ಚಿತ್ರದ ಬಾರ್‌ಕೋಡ್ ಬಳಸಿ 825 ಡಾಲರ್ ಬಹುಮಾನವನ್ನು ಯಾರೋ ಎತ್ತಿಕೊಂಡು ಹೋದರು.

ಗೆದ್ದಿದೆಯೇ ಎಂದು ಅಂಗಡಿಯಲ್ಲಿ ಕೇಳಬೇಡಿ. ಅಧಿಕೃತ ಫಲಿತಾಂಶ ನೋಡಿ ನೀವೇ ಅಂಕಿ ಹೋಲಿಸಿಕೊಳ್ಳಿ. ಗೆದ್ದ ಟಿಕೆಟ್ ಯಾವ ಅಂಗಡಿಯಲ್ಲಿ ಮಾರಾಟವಾಯಿತು ಎನ್ನುವುದು ಅನೇಕ ಕಡೆ ಸುದ್ದಿಯಾಗುತ್ತದೆ. ಊರು ಚಿಕ್ಕದಾದರೆ ಅಷ್ಟರಿಂದಲೇ ಊಹೆ ಶುರು.

ಟ್ರಸ್ಟ್ ಮಾಡಿಸುವಾಗ ಅದರ ಹೆಸರಿನಲ್ಲಿ ಮನೆತನದ ಹೆಸರು, ಮಕ್ಕಳ ಹೆಸರು, ಬೀದಿಯ ಹೆಸರು ಯಾವುದೂ ಬರಬಾರದು. ಹಣ ಪಡೆಯಲು ಹೋಗುವವರು, ಕಾಗದಕ್ಕೆ ಸಹಿ ಹಾಕುವವರು ಟ್ರಸ್ಟಿ, ಅಂದರೆ ಸಾಮಾನ್ಯವಾಗಿ ವಕೀಲರು. ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ಆದರೆ ಗಡುವನ್ನು ಮರೆಯುವಂತಿಲ್ಲ: ಬ್ರಿಟನ್ನಿನಲ್ಲಿ 180 ದಿನ, ಕ್ಯಾಲಿಫೋರ್ನಿಯಾದಲ್ಲಿ ಪವರ್‌ಬಾಲ್ ಜಾಕ್‌ಪಾಟ್‌ಗೆ 1 ವರ್ಷ. ಲಾಟರಿ ಸಂಸ್ಥೆಗೆ ಮತ್ತು ತೆರಿಗೆ ಇಲಾಖೆಗೆ ನೀವು ಯಾರೆಂದು ಗೊತ್ತೇ ಇರುತ್ತದೆ. ಅದನ್ನು ಮುಚ್ಚಿಡಲು ನೋಡುವುದು ಅಪರಾಧ. ನಾಲ್ಕಾರು ಜನ ಸೇರಿ ಕೊಂಡ ಟಿಕೆಟ್ಟಾದರೆ ಪಾಲುದಾರರಿಂದ ಮುಚ್ಚಿಡುವುದು ಮೋಸ, ಅವರನ್ನು ಕರೆದುಕೊಂಡೇ ವಕೀಲರ ಬಳಿ ಹೋಗಬೇಕು.

ಇಷ್ಟೆಲ್ಲ ಮಾಡಿದವರೂ ಸಿಕ್ಕಿಬೀಳುವ ಜಾಗ ಒಂದಿದೆ, ಮನೆ ಖರೀದಿ. ಬಹುಮಾನ ಪಡೆದ ಟ್ರಸ್ಟಿನ ಹೆಸರು ಸುದ್ದಿಯಲ್ಲಿ ಬಂದಿರುತ್ತದೆ. ಅದೇ ಹೆಸರಿನಲ್ಲಿ ಮನೆ ಕೊಂಡರೆ, ಆಸ್ತಿ ದಾಖಲೆ ಯಾರು ಬೇಕಾದರೂ ನೋಡಬಹುದಾದ ಕಡೆ ನಿಮ್ಮ ವಿಳಾಸ ಹುಡುಕಲು ಒಂದು ಗಂಟೆಯೂ ಬೇಡ. ಅದಕ್ಕೇ ಹಣ ಪಡೆಯಲು ಒಂದು ಟ್ರಸ್ಟ್, ಆಸ್ತಿ ಇಟ್ಟುಕೊಳ್ಳಲು ಬೇರೆ ಹೆಸರಿನ ಇನ್ನೊಂದು ಟ್ರಸ್ಟ್ ಮಾಡಿಸಬೇಕು. ಎರಡನೆಯದರ ಕಾಗದಪತ್ರವೂ ಹಣ ಕೈಗೆ ಬರುವ ಮೊದಲೇ ಸಿದ್ಧವಿರಲಿ.