ಚಿನ್ನ ಕೊನೆಗೆ

ಆಟಿ ತಿಂಗಳ ಒಂದು ಬೆಳಿಗ್ಗೆ, ಬಿಡದ ಮಳೆಯ ನಡುವೆ, ಬಿಳಿ ಕಾಸರಗೋಡು ಸೀರೆಯ ಸೆರಗಿಗೆ 15ನೇ ಶತಮಾನದ ಫ್ರೆಂಚ್ ಪ್ರಾರ್ಥನಾ ಪುಸ್ತಕಗಳ ಬಳ್ಳಿ ಬರೆಯಲು ಕೂತೆವು. ಕೂದಲೆಳೆಯಷ್ಟು ಸಪೂರದ ಕಪ್ಪು ಬಳ್ಳಿ, ತುದಿತುದಿಗೆ ಮೂರು ಮೂಲೆಯ ಚಿನ್ನದ ಎಲೆ, ಅಲ್ಲಲ್ಲಿ ನೀಲಿ-ಕೆಂಪು ಹೂ. ಉಳಿದಲ್ಲೆಲ್ಲ ಆ ಪುಸ್ತಕಗಳ ಚರ್ಮದ ಹಾಳೆಯ ಬಿಳಿಯೇ. ಹತ್ತಿ ಸೀರೆಗೆ ಇಷ್ಟು ಒಪ್ಪುವ ಮಾದರಿ ಅಪರೂಪ. ಸೀರೆಯ ಅಂಚಿಗೇ ಬೇಕೆಂದರೆ ನಮ್ಮ ಮೂಡುಬಿದಿರೆಯ ಜೈನ ಗ್ರಂಥ ಧವಳದ 12ನೇ ಶತಮಾನದ ತಾಳೆಗರಿ ಪ್ರತಿಯಿದೆ. ತಾಳೆಗರಿಯ ಚಿತ್ರಗಳು ಮೊದಲೇ ಉದ್ದ ಪಟ್ಟಿಯಲ್ಲಿ ಕೂತಿರುತ್ತವೆ.

ಸೀರೆಯನ್ನು ಹಿಂದಿನ ರಾತ್ರಿಯಿಡೀ ನೀರಲ್ಲಿ ನೆನೆಸಿ, ಸೋಪು ಹಾಕಿ ಒಗೆದಿದ್ದೆವು. ನೇಯುವಾಗ ಹಾಸಿನ ನೂಲಿಗೆ ಹಾಕಿದ ಗಂಜಿ ಪೂರ್ತಿ ಹೋಗಬೇಕು. ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಅದು ಮುತ್ತಿನಂತೆ ನಿಂತರೆ ಗಂಜಿ ಇನ್ನೂ ಇದೆ ಎಂದರ್ಥ. ಅದರ ಮೇಲೆ ಬರೆದ ಬಣ್ಣ ನೂಲಿನೊಳಗೆ ಇಳಿಯದೆ ನಾಲ್ಕು ಒಗೆತಕ್ಕೆ ಎದ್ದು ಬರುತ್ತದೆ.

ವಿನ್ಯಾಸವನ್ನು ಟ್ರೇಸಿಂಗ್ ಕಾಗದಕ್ಕೆ ಇಳಿಸಿ, ಗೆರೆಯುದ್ದಕ್ಕೂ 2 ಮಿಲಿಮೀಟರಿಗೊಂದು ಸೂಜಿತೂತು ಹಾಕಿ, ನೀಲಿ ಸೀಮೆಸುಣ್ಣದ ಪುಡಿಯನ್ನು ಬಟ್ಟೆಗಂಟಿನಲ್ಲಿ ಕಟ್ಟಿ ಮೇಲಿಂದ ತಟ್ಟಿದೆವು. ಆ ಕಾಲದ ಚಿತ್ರಕಾರರೂ ಹೀಗೇ ತೂತು ಹಾಕಿ ಇದ್ದಿಲ ಪುಡಿ ತಟ್ಟುತ್ತಿದ್ದರು. ಬಟ್ಟೆಗೆ ಇದ್ದಿಲು ಬೇಡ, ಕೈ ತಾಗಿದಲ್ಲೆಲ್ಲ ಮಸಿಯಾಗುತ್ತದೆ.

ಮೊದಲ ತೊಂದರೆ ಕಪ್ಪು ಗೆರೆಯಲ್ಲೇ. ಗೆರೆ ಸಪೂರ ಬರಲೆಂದು ಫ್ಯಾಬ್ರಿಕ್ ಪೇಂಟಿಗೆ ನೀರು ಬೆರೆಸಿದರೆ ಅದು ನೂಲಿನ ಗುಂಟ ಹರಿದು ರೋಮ ಎದ್ದಂತಾಗುತ್ತದೆ. ಚರ್ಮದ ಹಾಳೆ ಬಣ್ಣವನ್ನು ಮೇಲೆಯೇ ಹಿಡಿದಿಡುತ್ತದೆ, ಹತ್ತಿ ಕುಡಿಯುತ್ತದೆ. ನೀರು ಬಿಟ್ಟು, 2 ಪಾಲು ಬಣ್ಣಕ್ಕೆ ಅದನ್ನು ತೆಳುಮಾಡುವ ಮೀಡಿಯಂ 1 ಪಾಲು ಸೇರಿಸಿ, 000 ನಂಬರಿನ ಕುಂಚವನ್ನು ಒರೆಸಿ ಬರೆದ ಮೇಲೆ ಗೆರೆ ನಿಂತಿತು. ಮಳೆಗಾಲದಲ್ಲಿ ಬಟ್ಟೆಯೇ ತೇವ ಹೀರಿರುತ್ತದೆ. ಬರೆಯುವ ಭಾಗಕ್ಕೆ ಆಗಾಗ ಇಸ್ತ್ರಿ ಹಾಕಿ, ಫ್ರೇಮಿಗೆ ಬಿಗಿದುಕೊಳ್ಳಬೇಕು.

ದೊಡ್ಡ ತಪ್ಪಾದದ್ದು ಚಿನ್ನದಲ್ಲಿ. ಹಸ್ತಪ್ರತಿಗಳಲ್ಲಿ ಚಿನ್ನವೇ ಮೊದಲು: ಅಂಟಿನ ಗಾರೆಯನ್ನು ಉಬ್ಬಿಸಿ ಹಚ್ಚಿ, ಉಸಿರು ಊದಿ ತೇವ ಮಾಡಿ, ಚಿನ್ನದ ರೇಕು ಕೂರಿಸಿ, ನಯವಾದ ಕಲ್ಲಿನಿಂದಲೋ ನಾಯಿಹಲ್ಲಿನಿಂದಲೋ ಉಜ್ಜಿ ಹೊಳಪು ಬರಿಸುತ್ತಿದ್ದರು. ಬಣ್ಣ ಮೊದಲೇ ಇದ್ದರೆ ರೇಕು ಅದಕ್ಕೂ ಅಂಟುತ್ತದೆ, ಉಜ್ಜುವಾಗ ಬಣ್ಣವೂ ಕೆಡುತ್ತದೆ. ನಾವೂ ಅದೇ ಕ್ರಮ ಹಿಡಿದು ಎಲೆಗಳಿಗೆ ಚಿನ್ನದ ಬಣ್ಣವನ್ನು ಮೊದಲು ಹಚ್ಚಿದೆವು. ಮುಟ್ಟಿದರೆ ಒಣಗಿದಂತೆ ಇತ್ತು, ಅಡಿಯಲ್ಲಿ ಹಸಿಯಾಗಿತ್ತು. ಪಕ್ಕದ ಹೂವಿಗೆ ಕೆಂಪು ಹಚ್ಚುವಾಗ ಕುಂಚದ ತುದಿ ಎಲೆಗೆ ತಾಗಿ ಹೊಳಪಿನ ಪುಡಿ ಎದ್ದುಬಂತು, ಕೆಂಪು ಹೋಗಿ ಇಟ್ಟಿಗೆ ಬಣ್ಣವಾಯಿತು. ಚರ್ಮದ ಹಾಳೆಯಾದರೆ ಚಾಕುವಿನಿಂದ ಹೆರೆದು ತಿದ್ದಬಹುದು. ಬಟ್ಟೆಯಲ್ಲಿ ಆ ದಾರಿಯಿಲ್ಲ. ಕೆಟ್ಟ ಹೂಗಳನ್ನು ಮರುದಿನ ಕಡುಗೆಂಪಿನಿಂದ ಮುಚ್ಚಿದೆವು. ಅಂದಿನಿಂದ ನಮ್ಮ ಕ್ರಮ: ಗೆರೆ, ಆಮೇಲೆ ಬಣ್ಣ, ಒಂದು ರಾತ್ರಿ ಬಿಟ್ಟು ಚಿನ್ನ.

ಚಿನ್ನ ಕಡಿಮೆಯಾದರೂ ಚಂದ ಕಡಿಮೆಯಾಗುವುದಿಲ್ಲ. ಸುಮಾರು ಕ್ರಿ.ಶ. 800ರ ಬುಕ್ ಆಫ್ ಕೆಲ್ಸ್ ಎಂಬ ಸುವಾರ್ತೆಗಳ ಹಸ್ತಪ್ರತಿಯಲ್ಲಿ ಚಿನ್ನವೇ ಇಲ್ಲ, ಹೊಳೆಯುವುದು ಹರಿತಾಳವೆಂಬ ಖನಿಜದ ಹಳದಿ. ಬಿಳಿಯ ವಿಷಯದಲ್ಲೂ ಕೈ ಬಿಗಿಹಿಡಿಯಬೇಕು. ಫ್ರೆಂಚ್ ಚಿತ್ರಕಾರರು ದಳಗಳ ಮೇಲೆ ಸೀಸದ ಬಿಳಿಯಿಂದ ಸಣ್ಣ ಗೆರೆ ಎಳೆಯುತ್ತಿದ್ದರು. ಬಟ್ಟೆಯ ಮೇಲೆ ದಪ್ಪ ಬಿಳಿ ಮಡಿಕೆಯಲ್ಲಿ ಬಿರಿಯುತ್ತದೆ. ಆ ಗೆರೆಯಷ್ಟು ಜಾಗ ಬಿಟ್ಟು ಬಣ್ಣ ಹಚ್ಚಿದರೆ ಸೀರೆಯ ಬಿಳಿಯೇ ಸಾಕು.

ಮಳೆಗಾಲವಾದ್ದರಿಂದ 48 ಗಂಟೆ ಒಣಗಲು ಬಿಟ್ಟೆವು. ಆಮೇಲೆ ಬಣ್ಣ ಗಟ್ಟಿಯಾಗಿ ನಿಲ್ಲಲೆಂದು ಹಳೆಯ ಮುಂಡಿನ ಮೇಲೆ ಸೆರಗನ್ನು ಬೋರಲಾಗಿ ಹಾಸಿ, ಹಿಂಬದಿಯಿಂದ, ಆವಿಯಿಲ್ಲದೆ, ಒಂದೊಂದು ಭಾಗಕ್ಕೂ 3–4 ನಿಮಿಷ ಇಸ್ತ್ರಿ ಆಡಿಸಿದೆವು. ಒಂದು ವಾರ ನೀರು ಮುಟ್ಟಿಸುವಂತಿಲ್ಲ.

ಸೆರಗಿನ ಇನ್ನೊಂದು ಮೂಲೆಗೆ ಹೊಸ ಚಿತ್ರ ಬೇಕಾಗಲಿಲ್ಲ. ಹಾಳೆಯ ಒಂದು ಬದಿಯ ಅಂಚನ್ನು ಹಿಂಬದಿಗೂ ತದ್ರೂಪವಾಗಿ ಎತ್ತಿಕೊಳ್ಳುತ್ತಿದ್ದ ಆ ಚಿತ್ರಕಾರರಂತೆ, ಅದೇ ತೂತಿನ ಕಾಗದವನ್ನು ಮಗುಚಿಟ್ಟು ಪುಡಿ ತಟ್ಟಿದೆವು.